ಆಂದೆಪಾರೆಗೆ ಹೋದ ಅಂಬಲಿ

ಮಾರ್ಚ್ ನಡುವೆ ತಮಿಳರ ಪಂಗುನಿ ತಿಂಗಳು ಹುಟ್ಟಿ ವಾರವಾಗಿತ್ತು. ಭಾನುವಾರ, ಬೆಳಗಿನ ಆರರ ಹೊತ್ತು. ಬೇವಿನ ಹೂವು ಉದುರುವ ಕಾಲ. ಚೆನ್ನೈನಲ್ಲಿ ಆ ತಿಂಗಳು ಬಿಸಿಲು ಏಳುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಮಾತ್ರ ಗಾಳಿಗೆ ಕರುಣೆ ಇರುತ್ತದೆ. ಅಷ್ಟು ಹೊತ್ತಿಗಾಗಿಯೇ ವೇಲಚೇರಿಯ ಫ್ಲಾಟುಗಳಿಂದ ಜನ ಆಂದೆಪಾರೆ ಕಾಡಿಗೆ ಬರುತ್ತಾರೆ. ಕೆಲವರು ನಡೆಯುತ್ತಾರೆ, ಕೆಲವರು ಓಡುತ್ತಾರೆ, ಕೆಲವರು ಕ್ಯಾಮೆರಾ ಹಿಡಿದು ಹಕ್ಕಿ ಕಾಯುತ್ತಾರೆ. ನಾನೂ ನನ್ನ ಹೆಂಡತಿ ನಾಗರತ್ನಮ್ಮನೂ ಸುಮ್ಮನೆ ನಡೆಯುವವರು.

ಆ ದಿನ ಗೇಟಿನಲ್ಲಿ ರೇಂಜರ್ ಶಂಕರನಾರಾಯಣನ್ ತಾವೇ ನಿಂತಿದ್ದರು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಇನ್ನು ಮೇಲೆ ಕೆರೆ ಸುತ್ತಿನ ದಾರಿ ಮಾತ್ರ. ಬಂಡೆ ಹತ್ತುವ ದಾರಿ ಬಂದ್. ಚಳಿಗಾಲದಲ್ಲಿ ಯಾರೋ ಬಂಡೆಯ ಮೇಲೆ ಕೋಳಿ ಸುಡಲು ಬೆಂಕಿ ಹಾಕಿ, ಆ ಬೆಂಕಿ ಹುಲ್ಲಿಗೆ ಹತ್ತಿ, ಒಂದು ಪಕ್ಕದ ಇಳಿಜಾರೆಲ್ಲ ಕಪ್ಪಾಗಿತ್ತು.

ಎಲ್ಲರೂ "ಸರಿ ಸಾರ್" ಎಂದು ಕೆರೆಯ ಕಡೆ ತಿರುಗಿದರು. ನಾಗರತ್ನಮ್ಮ ತಿರುಗಲಿಲ್ಲ.

"ಆಡಿ ತಿಂಗಳಿಗೆ ಅಂಬಲಿ ತಕ್ಕೊಂಡು ಹೋಗ್ಬೇಕಲ್ಲ, ಅದು ಹೆಂಗೆ?" ಎಂದಳು. ಅವಳು ಆಡಿದ್ದು ತಮಿಳಿನಲ್ಲಿ. ಅವಳ ತಮಿಳು ನಮ್ಮ ಊರ ಮಾತಿನ ಹಾಗೆಯೇ ಇರುವುದರಿಂದ ಕನ್ನಡದಲ್ಲೇ ಬರೆಯುತ್ತೇನೆ.

ಅಂಬಲಿಯ ವಿಷಯ ತಿಳಿಯಬೇಕಾದರೆ ಹಳೆಯದನ್ನು ಸ್ವಲ್ಪ ಹೇಳಬೇಕು.

ತಮಿಳಿನಲ್ಲಿ ಆಂದೈ ಎಂದರೆ ಗೂಬೆ, ಪಾರೈ ಎಂದರೆ ಬಂಡೆ. ಈಗ ಅದು ಸರ್ಕಾರ ಕಾಯುವ ಕಾಡು. ನಾವು ಕೊಳ್ಳೇಗಾಲದ ಕಡೆಯಿಂದ ಬಂದ ಕಾಲಕ್ಕೆ ಅದು ಕಲ್ಲಿನ ಕ್ವಾರಿ. ಈ ಊರಿನ ಎಷ್ಟೋ ಮನೆಯ ಪಾಯಕ್ಕೆ ಅಲ್ಲಿಯ ಕಲ್ಲು ಹೋಗಿದೆ. ಈಗ ಜನ ಕೆರೆ ಎನ್ನುವುದು ನಾವು ತೋಡಿದ ಗುಂಡಿ. ಗುಂಡಿಯ ತಳದಿಂದ ಜಲ್ಲಿಯನ್ನು ಬಾಂಡ್ಲಿಗೆ ತುಂಬಿ, ಹೆಂಗಸರು ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಸಾಗಿಸುತ್ತಿದ್ದರು. ಇಳಿಜಾರಿನಲ್ಲಿ ಬಾಂಡ್ಲಿಯನ್ನು ಯಾರೂ ನೆಲಕ್ಕೆ ಇಡುವ ಹಾಗಿಲ್ಲ. ಇಟ್ಟರೆ ಹಿಂದಿನವಳು ಎಡವುತ್ತಾಳೆ. ಸಾಲು ಮೇಲಿನ ತನಕ ಮುಟ್ಟದಿದ್ದರೆ, ದಾಟಿಸಿದವಳು ಓಡಿ ಮುಂದೆ ಹೋಗಿ ನಿಲ್ಲುತ್ತಾಳೆ.

ನಾನು ಮೊದಲು ಕಲ್ಲು ಒಡೆದೆ. ಆಮೇಲೆ ಮೇಸ್ತ್ರಿ ನನ್ನನ್ನು ಬಾವುಟಕ್ಕೆ ನಿಲ್ಲಿಸಿದ. ಮದ್ದು ಸಿಡಿಸುವ ಮುಂಚೆ ಕೆಂಪು ಬಟ್ಟೆ ಎತ್ತಿ ಹಿಡಿಯುವುದು ನನ್ನ ಕೆಲಸ. ಬಟ್ಟೆ ಮೇಲಿರುವ ತನಕ ಯಾರೂ ಕದಲಬಾರದು, ಮೇಸ್ತ್ರಿಯೂ ಕದಲಬಾರದು. ಸಿಡಿದದ್ದೆಲ್ಲ ಬಿದ್ದು, ಧೂಳು ಕೂತ ಮೇಲೆ ನಾನು "ಆಯ್ತು" ಎನ್ನಬೇಕು. "ಮಾತಾಡದವನು, ಸುಮ್ಮನೆ ನಿಲ್ಲಬಲ್ಲವನು, ಇವನೇ ಸರಿ" ಎಂದು ಮೇಸ್ತ್ರಿ ಆರಿಸಿದ್ದ. ಕ್ವಾರಿ ಮುಚ್ಚಿ ಎಷ್ಟೋ ವರ್ಷವಾದರೂ ಹೆಗಲಿಗೆ ಕೆಂಪು ಟವೆಲ್ ಇಲ್ಲದೆ ನನಗೆ ಬೀದಿಗೆ ಇಳಿದು ಅಭ್ಯಾಸವಿಲ್ಲ.

ಬಂಡೆಯ ನೆತ್ತಿಯಲ್ಲಿ ಒಂದು ಕಲ್ಲನ್ನು ಮಾತ್ರ ಯಾರೂ ಒಡೆಯಲಿಲ್ಲ. ಕನ್ನಡದವರು, ತಮಿಳರು, ತೆಲುಗಿನವರು ಎಲ್ಲ ಕೂಡಿ, ಅದಕ್ಕೆ ಉಳಿ ತಾಗಿಸುವುದಿಲ್ಲ ಎಂದು ಮಾತು ಮಾಡಿಕೊಂಡಿದ್ದೆವು. ಒಡೆಯುವವರಿಗೂ ಒಂದು ಒಡೆಯದ ಕಲ್ಲು ಬೇಕು. ಅದನ್ನು ಮುನಿಯಪ್ಪ ಎಂದೆವು. ಕಲ್ಲು ಉಳಿದದ್ದಕ್ಕೆ ನೆತ್ತಿ ಉಳಿಯಿತು, ನೆತ್ತಿ ಉಳಿದದ್ದಕ್ಕೆ ಅದರ ಸಂದಿಯ ಗೂಬೆಗಳು ಉಳಿದವು. ಜುಲೈ ನಡುವೆ ಹುಟ್ಟುವ ಪ್ರತಿ ಆಡಿ ತಿಂಗಳ ಮೂರನೇ ಭಾನುವಾರ ಕ್ವಾರಿಯ ಹೆಂಗಸರು ರಾಗಿ ಅಂಬಲಿಯ ಗಡಿಗೆ ಹೊತ್ತು ಮೇಲೆ ಹೋಗುತ್ತಿದ್ದರು. ತಮಿಳರು ಅದನ್ನೇ ಕೂಳು ಎನ್ನುತ್ತಾರೆ. ಕೆಳಗೆ ತಲೆಗೇರಿಸಿದ ಗಡಿಗೆ ಮುನಿಯಪ್ಪನ ಮುಂದೆಯೇ ಇಳಿಯಬೇಕು. ನಡುವೆ ನೆಲ ಮುಟ್ಟಬಾರದು. ಅದು ದೇವರ ಕಟ್ಟಳೆಯೋ ಬಾಂಡ್ಲಿಯ ಕಟ್ಟಳೆಯೋ, ನಾವು ವಿಚಾರಿಸಲಿಲ್ಲ.

ಕ್ವಾರಿ ನಿಂತಿತು. ಮಳೆ ಗುಂಡಿ ತುಂಬಿತು. ಬಳ್ಳಾರಿ ಜಾಲಿ ಬಂತು, ಅದರ ಸಂದಿಯಲ್ಲಿ ಕಾರೆ, ಕವಳೆ, ತಂಗಡಿ ಬಂದವು, ನೀರುಹಕ್ಕಿ ಬಂದವು. ಸರ್ಕಾರ ಬೇಲಿ ಹಾಕಿತು. ಜೊತೆಯವರು ಒಬ್ಬೊಬ್ಬರಾಗಿ ಊರಿಗೋ ಮಣ್ಣಿಗೋ ಹೋದರು. ಕೊನೆಗೆ ಗಡಿಗೆ ಹೊರುವವಳು ನಾಗರತ್ನಮ್ಮ ಒಬ್ಬಳೇ ಉಳಿದಳು.

ರೇಂಜರಿಗೆ ಇದನ್ನೆಲ್ಲ ಅವಳು ಗೇಟಿನಲ್ಲೇ ನಿಂತು ಹೇಳಿದಳು. ಅವರು ಕೇಳಿದರು. ಕೇಳುವ ಮನುಷ್ಯ.

"ಅಮ್ಮ, ಬೆಂಕಿ?" ಎಂದರು.

"ಬೆಂಕಿ ನಮ್ಮ ಮನೆ ಗ್ಯಾಸಲ್ಲಿ. ಮೇಲಕ್ಕೆ ತಣ್ಣಗಿರೋ ಅಂಬಲಿ ಬರ್ತದೆ. ಕರ್ಪೂರನೂ ಬೇಡ."

"ಜೀಪು ಮೇಲೆ ಹೋಗುವುದಿಲ್ಲ."

"ನಾನೇನು ಜೀಪು ಕೇಳಿದ್ನಾ? ಕಾಲು ಅದವಲ್ಲ."

ಅವರು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ಒಂದು ಬೆಳಿಗ್ಗೆ ಬಿಡುತ್ತೇನೆ. ಬಿಸಿಲೇರುವ ಮುಂಚೆ, ಒಂಬತ್ತು ಗಂಟೆಯೊಳಗೆ ಮುಗಿಯಬೇಕು. ಆದರೆ ಈ ವರ್ಷವೇ ನಡೆಯಬೇಕು, ಅಮ್ಮ. ನಡೆಯುತ್ತಿರುವ ಪದ್ಧತಿ ಎಂದರೆ ಮೇಲಿನವರ ಹತ್ತಿರ ವಾದ ಮಾಡಬಲ್ಲೆ. ಒಂದು ಸಲ ನಿಂತರೆ ಅದು ನಿಂತ ಪದ್ಧತಿ. ಆಮೇಲೆ ನನ್ನ ಕೈಯಲ್ಲಿ ಇಲ್ಲ."

"ನಿಲ್ಲಲ್ಲ ಬುಡಪ್ಪ," ಎಂದಳು ನಾಗರತ್ನಮ್ಮ.

ಹದಿನೈದು ದಿನ ಕಳೆಯುವುದರೊಳಗೆ ಅವಳು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು.

ಆಸ್ಪತ್ರೆಯಲ್ಲಿ ಒಳಗೆ ಕಂಬಿ ಕೂರಿಸಿದರು. ಮನೆಗೆ ಬಂದಾಗ ನಾಲ್ಕು ಕಾಲಿನ ವಾಕರ್ ಜೊತೆಗೆ ಬಂತು. ಮಗಳು ಉಷಾ ಬ್ಯಾಂಕಿಗೆ ರಜೆ ಹಾಕಿ ತಾಯಿಯ ಪಕ್ಕ ಕೂತಳು.

"ಈ ವರ್ಷ ಒಂದು ಬಿಟ್ಟುಬಿಡವ್ವ. ಮುಂದಿನ ವರ್ಷ ನಾನೇ ಕಾರಲ್ಲಿ ಗೇಟಿನ ತನಕ ಬಿಡ್ತೀನಿ."

"ಈ ವರ್ಷ ಬುಟ್ರೆ ಮುಂದಿನ ವರ್ಷ ಗೇಟ್ ನೋಡ್ಕೊಂಡು ಬರ್ಬೇಕು ಅಷ್ಟೆ. ಆ ಅಯ್ಯ ಹೇಳಿದ್ದು ನಿಂಗೆ ಗೊತ್ತಿಲ್ವಾ?"

"ಅಪ್ಪಾ, ನೀವಾದ್ರೂ ಹೇಳಿ."

ನಾನು ವಾಕರನ್ನು ಮಂಚದ ಹತ್ತಿರಕ್ಕೆ ಎಳೆದು ಇಟ್ಟೆ. ಉಷಾ ನನ್ನನ್ನು ನೋಡಿ, "ನಿಮ್ಮಿಬ್ಬರಿಗೂ ಸರಿಯಾಗಿದೆ ಜೋಡಿ," ಎಂದು ಎದ್ದು ಹೋದಳು.

ನಮ್ಮದು ಎರಡನೇ ಮಹಡಿ. ಮನೆಗಳ ಮುಂದೆ ಉದ್ದಕ್ಕೆ ಒಂದು ಪಡಸಾಲೆ ಇದೆ, ಎಲ್ಲರೂ ಅಲ್ಲಿ ಚಪ್ಪಲಿಯ ಗೂಡು, ತುಳಸಿ ಕುಂಡ ಇಟ್ಟಿದ್ದಾರೆ. ನಾಗರತ್ನಮ್ಮ ಮೊದಲು ನಮ್ಮ ಬಾಗಿಲಿನಿಂದ ಪಕ್ಕದ ಬಾಗಿಲಿನ ತನಕ ಹೋದಳು. ಹಲ್ಲು ಕಚ್ಚಿಕೊಂಡು ಹೋದಳು. ಮೇ ನಡುವೆ ಚಿತ್ತಿರೈ ತಿಂಗಳು ಕಳೆಯುವಷ್ಟರಲ್ಲಿ ಪಡಸಾಲೆಯ ಕೊನೆ ಮುಟ್ಟಿದಳು. ಕಡು ಬೇಸಿಗೆಯ ಕತ್ತರಿ ಬಿಸಿಲಿನಲ್ಲಿ ವಾಕರ್ ಬಿಟ್ಟು ಕೋಲು ಹಿಡಿದಳು. ಅದಾದ ಮೇಲೆ ಮೆಟ್ಟಿಲು. ಇಳಿಯುವಾಗ ನಾನು ಮುಂದೆ, ಹತ್ತುವಾಗ ನಾನು ಹಿಂದೆ. ಬಿದ್ದರೆ ನನ್ನ ಮೇಲೆ ಬೀಳಲಿ ಎಂದು.

"ನೀವು ಹಿಂದೆ ಇದ್ರೆ ಇಬ್ರೂ ಒಟ್ಟಿಗೆ ಉರುಳ್ತೀವಿ, ಉಷನಪ್ಪ. ಆಮೇಲೆ ಉಷಾಗೆ ಎರಡು ವಾಕರ್ ಖರ್ಚು."

"ನೀನು ಮೆಟ್ಟಿಲು ನೋಡು."

ಮೊಮ್ಮಗಳು ಸಮೀಕ್ಷಾ ಕಾಲೇಜು ಮುಗಿಸಿ ಮನೆಯಿಂದಲೇ ಏನೋ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ದಿನ ಅಜ್ಜಿ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ನೀರಿನ ಬಿಂದಿಗೆ ಇಟ್ಟು ಪಡಸಾಲೆಯಲ್ಲಿ ಹೋಗುವುದನ್ನು ನೋಡಿ ಲ್ಯಾಪ್‌ಟಾಪ್ ಬಿಟ್ಟು ಓಡಿ ಬಂದಳು.

"ಅಜ್ಜಿ, ಪೋದುಂ! ನಾನ್ ತೂಕ್ಕುರೇನ್!" ಸಾಕು, ನಾನು ಹೊರುತ್ತೇನೆ ಎಂದು.

"ಅಂಬಲಿ ಕಾಯಿಸಿದವಳೇ ಹೊರ್ಬೇಕು ಕನವ್ವ. ನಿಂಗೆ ಕಾಯಿಸೋಕೆ ಬರ್ತದಾ?"

"ಯೂಟ್ಯೂಬ್ಲ ಇರುಕ್ಕು." ಯೂಟ್ಯೂಬಿನಲ್ಲಿ ಇದೆ ಎಂದು.

"ಹಂಗಾದ್ರೆ ಯೂಟ್ಯೂಬೇ ಹೊತ್ಕೊಂಡು ಹೋಗ್ಲಿ," ಎಂದು ನಾಗರತ್ನಮ್ಮ ಬಿಂದಿಗೆ ಕದಲದ ಹಾಗೆ ಮುಂದೆ ಹೋದಳು. ಅವತ್ತಿನಿಂದ ಸಮೀಕ್ಷಾ ಅಡುಗೆಮನೆಯಲ್ಲಿ ಅಜ್ಜಿಯ ಹಿಂದೆ ನಿಲ್ಲಲು ಶುರು ಮಾಡಿದಳು. ಯಾರೂ ಕರೆಯಲಿಲ್ಲ, ಯಾರೂ ಕಳಿಸಲೂ ಇಲ್ಲ.

ಆಡಿ ಬಂತು. ಮೂರನೇ ಶನಿವಾರ ಅಜ್ಜಿಯೂ ಮೊಮ್ಮಗಳೂ ಹುಳಿ ಬಂದ ರಾಗಿ ಹಿಟ್ಟಿಗೆ ನುಚ್ಚಕ್ಕಿ ಹಾಕಿ ಕಾಯಿಸಿದರು. ಭಾನುವಾರ ಬೆಳಕು ಹರಿಯುವಾಗ ಮಜ್ಜಿಗೆ, ಉಪ್ಪು, ಸಣ್ಣ ಈರುಳ್ಳಿ ಸೇರಿಸಿದರು. ಉಷಾ ಸ್ಟೀಲ್ ಡಬ್ಬಿ ತಂದು ಮುಂದೆ ಇಟ್ಟಳು, ಹಗುರ ಎಂದು.

"ಮುನಿಯಪ್ಪ ಏನು ಆಫೀಸಿಗೆ ಹೋಯ್ತಾನಾ, ಡಬ್ಬೀಲಿ ತಿನ್ನೋಕೆ?" ಎಂದು ನಾಗರತ್ನಮ್ಮ ಮಣ್ಣಿನ ಗಡಿಗೆಯನ್ನೇ ತೊಳೆದಳು.

ಆಟೋ ಗೇಟಿನ ತನಕ. ರೇಂಜರ್ ಬೇಲಿಯ ಬೀಗ ತೆಗೆದು ನಮಗಿಂತ ಮುಂಚೆ ಮೇಲೆ ಹೋಗಿ ಕಾಯುತ್ತೇನೆ ಎಂದರು. ಅವಳ ಕೋಲು ನೋಡಿ ಬೇಲಿಯ ಬಾಗಿಲನ್ನು ಪೂರ್ತಿ ತೆರೆದರು. ಗೇಟಿನಲ್ಲಿ ಮೈಸೂರಿನ ಹುಡುಗ ಮಿಥುನ್ ತನ್ನ ಓಡುವ ಗುಂಪಿನ ಜೊತೆ ಇದ್ದ. ಐ.ಟಿ. ಕಂಪನಿಯವರು, ಪ್ರತಿ ಭಾನುವಾರ ಕೆರೆ ಸುತ್ತುವವರು.

"ಅಜ್ಜಿ, ನಮ್ಮನ್ನೂ ಸೇರಿಸ್ಕೊಳ್ಳಿ. ನಾವು ಹೊತ್ಕೊಂಡು ಹತ್ತೇ ನಿಮಿಷಕ್ಕೆ ಮೇಲಿರ್ತೀವಿ."

"ಗಡಿಗೆ ಮೇಲಿರ್ತದೆ, ಅಂಬಲಿ ನಿಮ್ಮ ಬನೀನ್ ಮೇಲಿರ್ತದೆ. ಬನ್ನಿ ಬೇಕಾದ್ರೆ, ಹಿಂದೆ ಬನ್ನಿ. ಓಡ್ಬೇಡಿ."

ನಾನು ರೇಂಜರ್ ಮುಖ ನೋಡಿದೆ. ಅವರು ಬರಲಿ ಎಂದು ತಲೆಯಾಡಿಸಿ ಮೇಲೆ ಹೊರಟರು.

ನಾನು ಮುಂದೆ. ನಾಗರತ್ನಮ್ಮ ತಲೆಯಲ್ಲಿ ಗಡಿಗೆ, ಬಲಗೈಯಲ್ಲಿ ಕೋಲು. ಅವಳ ಪಕ್ಕ ಸಮೀಕ್ಷಾ. ಹಿಂದೆ ಬಣ್ಣಬಣ್ಣದ ಬೂಟುಗಳು. ದಾರಿಯ ಎರಡೂ ಕಡೆ ತಂಗಡಿ ಹಳದಿ ಹೂ ಬಿಟ್ಟಿತ್ತು. ಸುಟ್ಟ ಜಾಗದಲ್ಲಿ ಹುಲ್ಲು ಮತ್ತೆ ಹಸಿರಾಗಿತ್ತು. ಅವಳು ನಿಧಾನವಾಗಿ, ಆದರೆ ನಿಲ್ಲದೆ ಹೋದಳು. ಅರ್ಧ ದಾರಿ ದಾಟಿದ ಮೇಲೆ, ಹಳೆಯ ಜಲ್ಲಿ ಹರಡಿದ ಬಯಲು ಬರುತ್ತದೆ. ಅಲ್ಲಿಂದ ಮುಂದೆ ಕಡಿದಾದ ಏರು.

ಬಯಲಿಗೆ ಕಾಲಿಟ್ಟದ್ದೇ ತಡ, ಒಂದು ಹಕ್ಕಿ ತಲೆಯ ಮೇಲೆ ಕಿರುಚಿಕೊಂಡು ಎದ್ದಿತು. ಟಿಟ್ಟಿಭ. ಅದು ನನ್ನ ಕಿವಿಯ ಹತ್ತಿರಕ್ಕೇ ಎರಗಿ ಮತ್ತೆ ಮೇಲೆ ಹೋಯಿತು. ನಾನು ನೆಲ ನೋಡಿದೆ. ನಾವು ನಡೆಯುವ ದಾರಿಯ ಮಧ್ಯದಲ್ಲೇ ಜಲ್ಲಿಯ ಬಣ್ಣದ ಮರಿಗಳು ನೆಲಕ್ಕೆ ಅಂಟಿಕೊಂಡು ಕೂತಿದ್ದವು. ತಾಯಿ ಕೂಗಿದರೆ ಅವು ಓಡುವುದಿಲ್ಲ, ಕಲ್ಲಾಗುತ್ತವೆ. ಒಂದು ಬೂಟು ತಪ್ಪಿದರೆ ಮುಗಿಯಿತು.

ಹೆಗಲ ಟವೆಲ್ ನನ್ನ ಕೈಗೆ ತಾನಾಗಿ ಬಂತು. ಎತ್ತಿ ಹಿಡಿದೆ.

ನಾಗರತ್ನಮ್ಮ ಇಟ್ಟ ಹೆಜ್ಜೆಯಲ್ಲೇ ನಿಂತಳು. ಹಿಂದಿನವರು ಅವಳನ್ನು ನೋಡಿ ನಿಂತರು.

"ಹಿಂದಕ್ಕೆ ಹೋಗಿ, ಎಲ್ಲರೂ ಆ ಬೇವಿನ ಮರದ ತನಕ," ಎಂದೆ. "ನಾವು ಇಲ್ಲಿದ್ದರೆ ಅವು ಕದಲುವುದಿಲ್ಲ."

ಗುಂಪು ಹಿಂದೆ ಸರಿಯಿತು. ಅವಳಿಗೆ ತಲೆಯ ಗಡಿಗೆಯ ಜೊತೆ ತಿರುಗಿ ಇಳಿಯುವುದು ಕಷ್ಟವಾಯಿತು. ಸಮೀಕ್ಷಾ ಸೊಂಟ ಹಿಡಿದುಕೊಂಡಳು. ಮರದ ಕೆಳಗೆ ಎಲ್ಲರೂ ನಿಂತೆವು. ತಾಯಿಹಕ್ಕಿ ಇನ್ನೂ ಸುತ್ತುತ್ತಿತ್ತು. ಮರಿಗಳು ಕಲ್ಲಾಗಿಯೇ ಇದ್ದವು. ಬಿಸಿಲು ಬಯಲಿಗೆ ಇಳಿಯಿತು.

"ಟೈಮ್ ಆಗ್ತಿದೆ ತಾತ," ಎಂದ ಮಿಥುನ್, ಕೈಗಡಿಯಾರ ನೋಡಿ. "ಪಕ್ಕದಲ್ಲಿ ಮುಳ್ಳಿನಲ್ಲಿ ದಾಟೋಣ್ವಾ?"

"ಮುಳ್ಳಿನಲ್ಲಿ ಅವಳು ದಾಟಲಾರಳು."

"ಊರೋರನ್ನೆಲ್ಲ ಬುಟ್ಟು," ಎಂದಳು ನಾಗರತ್ನಮ್ಮ, ಗಡಿಗೆಯ ಕೆಳಗಿನಿಂದ, "ಕಟ್ಕೊಂಡವಳನ್ನೇ ತಡೆದ್ರಲ್ಲ ಉಷನಪ್ಪ. ಒಂಬತ್ತಕ್ಕೆ ನನ್ನ ಗೇಟು ಮುಚ್ಚೋದೂ ನೀವೇ ಅನ್ನಿ."

"ಬಟ್ಟೆ ಮೇಲಿದೆ. ಮಾತಾಡಬೇಡ."

"ಮಾತಾಡ್ಬೇಡ ಅಂದ್ರೆ? ಕಾಲು ನಡುಗ್ತಾ ಅದೆ."

ನನಗೆ ಗೊತ್ತಿತ್ತು. ಅವಳ ಎಡಗಾಲಿನ ಸೀರೆ ಅಲುಗುವುದು ಕಾಣುತ್ತಿತ್ತು. ಗಡಿಗೆ ಕೆಳಗಿಡು ಎಂದರೆ ಮುಗಿಯುತ್ತಿತ್ತು. ಟವೆಲ್ ಇಳಿಸಿದರೂ ಮುಗಿಯುತ್ತಿತ್ತು. ನಾನು ಎರಡನ್ನೂ ಮಾಡಲಿಲ್ಲ. ಅವಳೂ ಇಡಲಿಲ್ಲ, ಹೆಜ್ಜೆಯೂ ಎತ್ತಲಿಲ್ಲ. ಕ್ವಾರಿಯಲ್ಲಿ ಹೊಟ್ಟೆಯಲ್ಲಿ ಉಷಾ ಇದ್ದಾಗಲೂ ಅವಳು ಈ ಬಟ್ಟೆಗೆ ಹೀಗೆಯೇ ನಿಂತಿದ್ದಳು.

ಹಕ್ಕಿ ಕೊನೆಗೆ ನೆಲಕ್ಕೆ ಇಳಿಯಿತು. ಉದ್ದ ಕಾಲಿನಲ್ಲಿ ಆ ಕಡೆ ಈ ಕಡೆ ನಡೆದು, ಸಣ್ಣ ದನಿಯಲ್ಲಿ ಏನೋ ಅಂದಿತು. ಜಲ್ಲಿಯಿಂದ ಒಂದು ಮರಿ ಎದ್ದಿತು. ಆಮೇಲೆ ಇನ್ನೊಂದು. ಉಳಿದವೂ ಎದ್ದವು. ಹತ್ತಿಯ ಉಂಡೆಗಳಿಗೆ ಕಡ್ಡಿ ಚುಚ್ಚಿದ ಹಾಗೆ ಇದ್ದವು. ಓಡಿ ತಂಗಡಿ ಪೊದೆಯೊಳಗೆ ಹೋದವು.

"ಆಯ್ತು," ಎಂದು ಟವೆಲ್ ಇಳಿಸಿದೆ.

ನಾಗರತ್ನಮ್ಮ ಹೆಜ್ಜೆ ಎತ್ತಿದಳು. ಕಾಲು ಏಳಲಿಲ್ಲ. ಇನ್ನೊಮ್ಮೆ ನೋಡಿದಳು. ನಿಂತು ನಿಂತು ಕಂಬಿಯ ಕಾಲು ಮರಗಟ್ಟಿತ್ತು. ಬರಿಗೈಯಲ್ಲಿ ಕುಂಟಬಹುದು, ಗಡಿಗೆಯ ಜೊತೆ ಆಗದು. ಮುಂದೆ ಏರು ಇತ್ತು. ಮಿಥುನ್ ಮತ್ತೆ ಗಡಿಯಾರ ನೋಡಿದ.

ಅವಳು ಯಾರ ಮುಖವನ್ನೂ ನೋಡದೆ ಏರನ್ನೇ ನೋಡಿದಳು. ಅವಳು ಸೋಲುತ್ತಾಳೆ ಎಂದು ಉಳಿದವರು ಅಂದುಕೊಂಡಿರಬಹುದು. ನನಗೆ ಅವಳು ಲೆಕ್ಕ ಹಾಕುತ್ತಿರುವುದು ಕಾಣಿಸಿತು.

"ಈ ಏರಲ್ಲಿ ಬಾಂಡ್ಲೀನ ನಾನೊಬ್ಬಳೇ ಸಾಗಿಸಿದ್ನಾ?" ಎಂದಳು.

"ಇಲ್ಲ," ಎಂದೆ.

"ಮತ್ತೆ ಗಡಿಗೆ ಯಾಕೆ ನನ್ನೊಬ್ಬಳದು? ಎಲ್ರೂ ಹೋದ ಮೇಲೆ ನನ್ನ ತಲೆಗೆ ಬಂತು, ಅಷ್ಟೆ. ಸಮೀಕ್ಷಾ, ಬಾವ್ವ ಇಲ್ಲಿ. ನೀನೂ ಕಾಯಿಸಿದ್ದೀಯ. ಎರಡೂ ಕೈ ಚಾಚು."

ಸಮೀಕ್ಷಾ ಕೈ ಚಾಚಿದಳು. ಗಡಿಗೆ ಅಜ್ಜಿಯ ತಲೆಯಿಂದ ಅವಳ ಕೈಗೆ ಬಂತು. ನಾಗರತ್ನಮ್ಮ ಗುಂಪಿನ ಕಡೆ ತಿರುಗಿದಳು. ಕ್ವಾರಿಯ ಕಾಲದ ಗಂಟಲು ಅವಳಿಗೆ ವಾಪಸ್ ಬಂದಿತ್ತು.

"ಬೂಟು ಬಿಚ್ಚಿ ಎಲ್ರೂ! ಫೋನ್ ಜೇಬಿಗೆ ಹಾಕಿ! ಒಬ್ರಿಗೊಬ್ರು ಕೈ ಎಟಕೋ ಹಂಗೆ ಸಾಲಾಗಿ ನಿಲ್ಲಿ. ಇಸ್ಕೊಳ್ಳೋದು, ಕೊಡೋದು. ಕೊಟ್ಟೋರು ಓಡಿಹೋಗಿ ಮುಂದೆ ನಿಲ್ಬೇಕು. ಓಡೋಕೆ ತಾನೇ ಬಂದಿರೋದು ನೀವು? ಈಗ ಓಡಿ!"

"ಅಜ್ಜಿ, ಮುಳ್ಳಿದೆ!" ಎಂದಿತು ಒಂದು ದನಿ.

"ಮುಳ್ಳು ಚುಚ್ಚಿದ್ರೆ ಕೂಗು. ಗಡಿಗೆ ಬುಟ್ಟು ಕೂಗ್ಬೇಡ."

ನಕ್ಕುಕೊಂಡೇ ಸಾಲಾದರು. ಗಡಿಗೆ ಸಮೀಕ್ಷಾಳ ಕೈಯಿಂದ ಮಿಥುನನಿಗೆ, ಅವನಿಂದ ಇನ್ನೊಬ್ಬರಿಗೆ. ಕೊಟ್ಟವರು ಬರಿಗಾಲಿನಲ್ಲಿ ಆಯ್, ಊಯ್ ಎನ್ನುತ್ತ ಬದಿಯಿಂದ ಓಡಿ ತುದಿಗೆ ನಿಂತರು. ತಮಿಳು, ಕನ್ನಡ, ಇಂಗ್ಲಿಷ್, ಎಲ್ಲದರಲ್ಲೂ "ಹಿಡ್ಕೋ, ಹಿಡ್ಕೋ" ಎಂದೇ ಕೇಳುತ್ತಿತ್ತು. ಸಮೀಕ್ಷಾ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು, "ಕೆಳಗೆ ಇಡ್ಬೇಡಿ! ನೆಲ ಮುಟ್ಟಬಾರದು!" ಕನ್ನಡದಲ್ಲಿ. ಅದನ್ನು ಗಮನಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ನಾವಿಬ್ಬರು ಹಿಂದೆ ಉಳಿದೆವು. ಒಂದು ಕಡೆ ಕೋಲು, ಒಂದು ಕಡೆ ನನ್ನ ತೋಳು.

"ಕೂರ್ತೀಯಾ?"

"ಗಡಿಗೆ ನೆಲ ಮುಟ್ಟದೆ ಹೋಯ್ತಾ ಅದೆ. ನಾನು ಮುಟ್ಟಿದ್ರೆ ಚೆಂದವಾ? ನಡೀರಿ."

ಹತ್ತಿದಳು. ಒಂದು ಕಾಲು ಎತ್ತಿ ಇಟ್ಟು, ಇನ್ನೊಂದನ್ನು ಎಳೆದು ಹತ್ತಿದಳು. ಮೇಲೆ ಮುಟ್ಟಿದಾಗ ಗಡಿಗೆ ಆಗಲೇ ಮುನಿಯಪ್ಪನ ಮುಂದೆ ಇಳಿದಿತ್ತು. ಅದರ ಸುತ್ತ ಬರಿಗಾಲಿನವರು ಮುಳ್ಳು ಕೀಳುತ್ತ ಕೂತಿದ್ದರು. ಯಾರೂ ಅಂಬಲಿ ಮುಟ್ಟಿರಲಿಲ್ಲ. ಕಾಯುತ್ತಿದ್ದರು.

ಶಂಕರನಾರಾಯಣನ್ ಕಲ್ಲಿನ ಪಕ್ಕ ನಿಂತಿದ್ದರು. ಅವಳನ್ನು ಕಂಡು, ಗಂಟೆ ಎಷ್ಟೆಂದು ನೋಡದೆ, ಗಡಿಯಾರ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹೊತ್ತು ತಂದವರು ಯಾರು, ಅಮ್ಮ?" ಎಂದರು.

"ನಾವು," ಎಂದಳು ನಾಗರತ್ನಮ್ಮ.

ಮೊದಲ ಸೌಟು ಕಲ್ಲಿನ ಬುಡಕ್ಕೆ. ಆಮೇಲೆ ಕೈಚಾಚಿದವರಿಗೆಲ್ಲ ಬೊಗಸೆಗೆ. ರೇಂಜರ್ ಟೊಪ್ಪಿ ತೆಗೆದು, ನಿಂತುಕೊಂಡೇ ಕುಡಿದು, ಮತ್ತೆ ಕೈ ಚಾಚಿದರು. ಸಂದಿಯೊಳಗಿನ ಗೂಬೆ ಒಂದು ಕಣ್ಣು ತೆರೆದು ಎಲ್ಲರನ್ನೂ ನೋಡಿ ಮತ್ತೆ ಮುಚ್ಚಿತು. "ಇವನಿಗೆ ಮಾತ್ರ ಯಾವತ್ತೂ ಅಂಬಲಿ ಸೇರಲ್ಲ," ಎಂದಳು ನಾಗರತ್ನಮ್ಮ. ಖಾಲಿ ಗಡಿಗೆಯನ್ನು ಇಳಿಸಿಕೊಂಡು ಬಂದವಳು ಸಮೀಕ್ಷಾ.

ಸೆಪ್ಟೆಂಬರ್ ನಡುವೆ ಹುಟ್ಟುವ ಪುರಟ್ಟಾಸಿ ತಿಂಗಳಲ್ಲಿ ನಾವು ಮತ್ತೆ ಕೆರೆ ಸುತ್ತಲು ಹೋದೆವು. ಬಂಡೆಯ ದಾರಿಗೆ ಬೀಗ ಇತ್ತು. ಪಕ್ಕದ ಬೋರ್ಡಿನಲ್ಲಿ, ಪ್ರವೇಶವಿಲ್ಲ ಎನ್ನುವುದರ ಕೆಳಗೆ, ಹೊಸ ಬಣ್ಣದಲ್ಲಿ ಒಂದು ಸಾಲು ಬರೆದಿತ್ತು. ನಮಗಿಬ್ಬರಿಗೂ ಓದು ಅಷ್ಟಕ್ಕಷ್ಟೆ. ಸಮೀಕ್ಷಾ ಓದಿ ಹೇಳಿದಳು: ಪ್ರತಿ ಆಡಿ ಮೂರನೇ ಭಾನುವಾರ, ಬೆಳಿಗ್ಗೆ ಒಂಬತ್ತರವರೆಗೆ, ಕೂಳು ಹೊತ್ತು ತರುವವರಿಗೆ ಮಾತ್ರ.

"ಅಂಬಲಿ ಅಂತ ಬರೆಸ್ಬೋದಿತ್ತು," ಎಂದಳು ನಾಗರತ್ನಮ್ಮ. "ಇರ್ಲಿ. ಅಯ್ಯ ಎಲ್ಲಿ?"

ಗೇಟಿನ ಕಾವಲಿನವನು ಹೇಳಿದ. ಸತ್ಯಮಂಗಲದ ಕಡೆಗೆ ವರ್ಗವಾಯಿತಂತೆ. ಹೋಗುವ ಮುಂಚೆ ತಾವೇ ನಿಂತು ಆ ಸಾಲು ಬರೆಸಿ, ಬಣ್ಣ ಒಣಗುವ ತನಕ ಕಾದು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರಂತೆ. ಶಂಕರನಾರಾಯಣನ್ ಹೋದದ್ದು ಹಿಂದಿನ ಬುಧವಾರ, ನಾವು ಬಂದದ್ದು ಭಾನುವಾರ.